ಪಂಚನಾಮೆಗೆ ಸಾರಿಸಿದ ಅಂಗಳ

ಪ್ರಕೃತಿಯ ಮುಂದೆ ಮನುಷ್ಯ ತೃಣಕ್ಕೆ ಸಮಾನ ಎಂದು ತಿಳಿದವರು ಹೇಳುತ್ತ ಬಂದಿದ್ದಾರೆ. ಹೀಗೆ ಹೇಳಿದವರೆಲ್ಲ ಎತ್ತರದ ಜಾಗದಲ್ಲಿ ಮನೆ ಕಟ್ಟಿಕೊಂಡಿದ್ದರು ಎಂಬುದನ್ನು ನಾನು ಗಮನಿಸಿದ್ದೇನೆ. ಹೊಳೆಯ ದಂಡೆಯಲ್ಲಿದ್ದವರಿಗೆ ಇಂಥ ಮಾತು ಹೊಳೆಯದೆ ಇರಲಿಲ್ಲ. ಹೊಳೆಯುವ ಹೊತ್ತಿಗೆ ಅವರು ಅಕ್ಕಿಯ ಡಬ್ಬಿಯನ್ನು ಜಂತಿಗೆ ಕಟ್ಟುತ್ತಿದ್ದರು.

ಪ್ರತಿ ವರ್ಷ ಮೇ ತಿಂಗಳು ಹುಟ್ಟುತ್ತಲೇ ನನ್ನ ಅಂಗಡಿಗೆ ಮಳೆಗೆ ಹೊದಿಸುವ ತಾಡಪತ್ರಿಯ ಗಂಟುಗಳು ಬರುತ್ತವೆ. ಹಗ್ಗ ಬಿಚ್ಚಿದ ಕೂಡಲೆ ಹೊಸ ಪ್ಲಾಸ್ಟಿಕ್ಕಿನ ವಾಸನೆ, ಸೀಮೆಎಣ್ಣೆಯ ದೂರದ ಸಂಬಂಧಿಯಂಥದ್ದು, ಅಂಗಡಿ ತುಂಬ ಏಳುತ್ತದೆ. ಆ ವಾಸನೆಗೆ ನನ್ನ ಹೆಂಡತಿಗೆ ತಲೆನೋವು ಬರುತ್ತದೆ. ನನಗೆ ಹೊಳಿಸಾಲದ ಆ ವರ್ಷ ನೆನಪಿಗೆ ಬರುತ್ತದೆ. ಎರಡರಲ್ಲಿ ತಲೆನೋವೇ ಮೇಲು. ಅದಕ್ಕೆ ಗುಳಿಗೆ ಇದೆ.

ಗೋವೆಯ ಕೊರ್ತಾಲಿಮ್‌ನಿಂದ ಜುವಾರಿ ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ನನ್ನ ಅಂಗಡಿ. ಧಾರವಾಡದಿಂದ ಅಪ್ಪ ಬಂದು ಇಟ್ಟದ್ದು. ಮೊಳೆ, ಹಗ್ಗ, ಬಕೀಟು, ಸಿಮೆಂಟು, ತಗಡು: ಮನೆ ಕಟ್ಟಲು ಬೇಕಾದ ಸಾಮಾನು, ಅದೇ ಮನೆ ಬಿದ್ದ ಮೇಲೆ ಮತ್ತೆ ಬೇಕಾದ ಸಾಮಾನು, ಎರಡೂ ಒಂದೇ ಸೂರಿನಡಿ ಸಿಗುತ್ತವೆ. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ನಮ್ಮ ಕಡೆಯ ಕೂಲಿಯವರು. ಅವರು ನನ್ನನ್ನು ಸಾವಕಾರ ಎನ್ನುತ್ತಾರೆ. ಬ್ಯಾಂಕಿನವರು ಇನ್ನೂ ಆ ತೀರ್ಮಾನಕ್ಕೆ ಬಂದಿಲ್ಲ.

ಹೊಳಿಸಾಲ ಎಂಬ ಹೆಸರು ಯಾವ ಸರ್ಕಾರಿ ಕಾಗದದಲ್ಲೂ ಇಲ್ಲ. ಅಂಗಡಿಯಿಂದ ಕೆಳಗೆ, ಹೊಳೆಯ ಅಂಚಿಗೆ ಹೊಂದಿಕೊಂಡು ಬದಾಮಿ, ರೋಣ, ಬಾಗಲಕೋಟೆ ಕಡೆಯವರ ಹನ್ನೊಂದು ಮನೆಗಳಿದ್ದವು. ನಾವೇ ಇಟ್ಟುಕೊಂಡ ಹೆಸರು. ನಮ್ಮ ಕಡೆಯ ಹೊಳೆಗಳು ಒಮ್ಮೆ ಹಿಡಿದ ದಿಕ್ಕನ್ನು ಬಿಡುವುದಿಲ್ಲ. ಈ ಹೊಳೆ ಸಮುದ್ರದ ಸಹವಾಸದಿಂದ ಕೆಟ್ಟು, ದಿನಕ್ಕೆ ಎರಡು ಸಲ ಮನಸ್ಸು ಬದಲಿಸುತ್ತದೆ. ಅದಕ್ಕೂ ಮನೆಗಳಿಗೂ ನಡುವೆ ಯಾವ ಕಾಲದ್ದೋ ಒಂದು ಕಲ್ಲಿನ ಒಡ್ಡು. ಕಟ್ಟಿಸಿದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಅದನ್ನು ದುರಸ್ತಿ ಮಾಡಿಸಬೇಕಾದವರು ಯಾರೆಂದೂ ಗೊತ್ತಿರಲಿಲ್ಲ.

ಸಾಲಿನ ಮೊದಲ ಮನೆ ಯಲ್ಲವ್ವನದು. ಅವಳ ಗಂಡ ಹಣಮಪ್ಪ ಗೌಂಡಿ, ಗೋಡೆ ಕಟ್ಟುವವನು. ಬಾಯಿ ಮಾಡಬೇಕಾದ ಕೆಲಸವನ್ನೂ ಕೈಯಿಂದಲೇ ಮಾಡುವ ಮನುಷ್ಯ. ಅವಳು ಅವನ ಕೈಗೆ ಕಲ್ಲು ಹೊತ್ತು ಕೊಡುವವಳು. ಸಾಂಕೋಲೆಯ ಕಟ್ಟಡಗಳಲ್ಲಿ ದಿನದ ಕೆಲಸ ಮುಗಿದ ಮೇಲೆ ಮೇಸ್ತ್ರಿಯನ್ನು ಕೇಳಿ ಮೂಲೆ ಮುರಿದ ಒಂದು ಚಿರೇಕಲ್ಲು ಎತ್ತಿಕೊಂಡು ಬರುತ್ತಿದ್ದಳು. ವಾಪಸು ಬರುವ ಲಾರಿಯಲ್ಲಿ ಎಲ್ಲರ ತೊಡೆಯ ಮೇಲೆ ಊಟದ ಡಬ್ಬಿ, ಇವಳ ತೊಡೆಯ ಮೇಲೆ ಕಲ್ಲು. ಹಾಗೆ ಆರು ವರ್ಷ ತಂದ ಕಲ್ಲಿನಲ್ಲಿ ಎರಡು ಕೋಣೆಯ ಮನೆ ಎದ್ದಿತ್ತು. ಒಂದು ಕಲ್ಲಿನ ಅಳತೆ ಇನ್ನೊಂದಕ್ಕೆ ಇರಲಿಲ್ಲ. ಹಣಮಪ್ಪ ಅದನ್ನು ಹೇಗೆ ಕೂಡಿಸಿದ್ದನೆಂದರೆ, ನೋಡಿದವರಿಗೆ ಬೇಕೆಂತಲೇ ಹಾಗೆ ಕಟ್ಟಿದ್ದಾರೆ ಅನ್ನಿಸುತ್ತಿತ್ತು.

ಅವರ ಮನೆಗೆ ತಾಗಿ, ದೋಣಿ ನಿಲ್ಲುವ ಧಕ್ಕೆಯ ಕಡೆಗೆ, ಕಾಮಿಲನ ಅಂಗಳ. ಕಾಮಿಲ ಊರವನೇ, ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾಗಿ, ವರಾಂಡದ ಆರಾಮ ಕುರ್ಚಿಯಲ್ಲಿ ಉಳಿದ ಆಯುಷ್ಯ ಕಳೆಯಲು ನಿರ್ಧರಿಸಿದವನು.

ಆ ವರ್ಷ ಮೇ ತಿಂಗಳ ನಡುವೆ ಬಂದ ಚಂಡಮಾರುತಕ್ಕೆ ಒಂದು ಚಂದದ ಹೆಸರಿತ್ತು. ನಾಮಕರಣದ ಶಾಸ್ತ್ರವನ್ನು ಯಾವುದೋ ದೂರದ ದೇಶದವರು ಮುಗಿಸಿದ್ದರು. ತೊಟ್ಟಿಲು ತೂಗುವ ಕೆಲಸ ನಮಗೆ ಬಂತು. ರವಿವಾರ, ಬೆಳಗಿನ ಹತ್ತರ ಹೊತ್ತಿಗೆ ಹೊಳೆಯ ಉಬ್ಬರವೂ ಗಾಳಿಯೂ ಮಾತಾಡಿಕೊಂಡವರ ಹಾಗೆ ಕೂಡಿಯೇ ಬಂದವು. ಒಡ್ಡು ಎರಡು ಕಡೆ ಒಡೆಯಿತು. ಮನೆಗಳಲ್ಲಿ ಮೊಣಕಾಲುದ್ದ ಉಪ್ಪುನೀರು. ಯಲ್ಲವ್ವನ ಹಿತ್ತಲ ಗೋಡೆಯ ಬುಡ ಕೊರೆದು, ಅಡಿಪಾಯದಿಂದ ಕಿಟಕಿಯ ತನಕ ಬೆರಳು ಹೋಗುವಷ್ಟು ಬಿರುಕು ಬಿಟ್ಟಿತು. ಅವಳ ಮಾಡಿನ ತಗಡೊಂದು ಹಾರಿ ಬಂದು ನನ್ನ ಅಂಗಡಿಯ ಮೆಟ್ಟಿಲಿಗೆ ಒರಗಿತು. ಮೇಲೆ ಹಲಗೆಯಲ್ಲಿ ‘ಮಾರಿದ ಮಾಲು ವಾಪಸು ಪಡೆಯುವುದಿಲ್ಲ’ ಎಂದು ಮೂರು ಭಾಷೆಯಲ್ಲಿ ಬರೆದಿತ್ತು. ಕಾಮಿಲನ ತೆಂಗಿನ ಮರ ಬುಡಸಹಿತ ಕಿತ್ತು ಅವನ ವರಾಂಡದ ಮೇಲೆ ಅಡ್ಡ ಬಿದ್ದಿತು. ಕುರ್ಚಿ ಒಂದು ಮೊಳ ಆಚೆಗಿತ್ತು. ಅವನು ಅದರಲ್ಲೇ ಇದ್ದ.

ನಾಲ್ಕು ದಿನ ಕಳೆದ ಮೇಲೆ ಊರಿನ ಪುಢಾರಿಯೊಬ್ಬರು ಹಗ್ಗ ಕೊಳ್ಳಲು ಬಂದವರು ಸುದ್ದಿ ಹೇಳಿದರು. ಅಧಿಕಾರಿಗಳು ಬಂದು ಮನೆಮನೆ ನೋಡಿ ಪಂಚನಾಮೆ ಬರೆಯುತ್ತಾರೆ; ಹಾನಿಯಾದ ಮನೆಗಳ ಪಟ್ಟಿಯಾಗುತ್ತದೆ. ಮುಖ್ಯ ಸಂಗತಿ ಪರಿಹಾರದ್ದಲ್ಲ. ಮುಂದೆ ಇಂಥ ನೆರೆ ಬಾರದಂತೆ ಹೊಳೆಗೆ ಎತ್ತರದ ಹೊಸ ಗೋಡೆ ಕಟ್ಟಲು ಮೇಲಿನಿಂದ ಹಣ ಬರುವುದಿದೆ. ಪಟ್ಟಿಯಲ್ಲಿ ಎಲ್ಲಿಯ ತನಕ ಮನೆಗಳಿವೆಯೋ ಅಲ್ಲಿಯ ತನಕ ಗೋಡೆ. ನಾನು ಹಗ್ಗವನ್ನು ಒಂದು ಮಾರು ಹೆಚ್ಚೇ ಅಳೆದು ಕೊಟ್ಟೆ.

ಹೊಳಿಸಾಲದ ಪಾಲಿಗೆ ವಕೀಲ, ವೈದ್ಯ, ಪೋಸ್ಟ್ ಮಾಸ್ತರ ಎಲ್ಲ ನಾನೇ. ಅರ್ಜಿ ಬರೆಯುವುದು ನನಗೆ ಒಂದು ವ್ಯಸನ. ‘ತಮ್ಮ ಪಾದಾರವಿಂದಗಳಲ್ಲಿ’ ಎಂಬ ಮಾತಿಗೆ ಇಂಗ್ಲಿಷಿನಲ್ಲಿ ಸರಿಯಾದ ಪದ ಸಿಗದೆ ಒಂದು ಮಧ್ಯಾಹ್ನ ಕಳೆದವನು ನಾನು. ಹಾಗಾಗಿ ಸಾಹೇಬರು ಬರುವ ವಿಷಯವಾಗಿ ಹನ್ನೊಂದು ಮನೆಯವರೂ ನನ್ನ ಅಂಗಡಿಯ ಕಟ್ಟೆಗೆ ಬಂದು ಏನು ಮಾಡಬೇಕೆಂದು ಕೇಳಿದರು. ಮನೆಗಳಲ್ಲಿ ಆಗ ಕೆಸರು ಹಾಗೇ ಇತ್ತು. ಒದ್ದೆ ಹಾಸಿಗೆ ಬಾಗಿಲಲ್ಲಿ ಬಿದ್ದಿತ್ತು. ತಗಡು ಹಾರಿದ ಕಡೆ ಆಕಾಶ ಕಾಣುತ್ತಿತ್ತು.

ನಾನು ಅವತ್ತು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ತಿದ್ದುವ ಆಸೆ ಇದೆ, ಹಕ್ಕಿಲ್ಲ.

“ಸಾಹೇಬ್ರು ಮನಿಗೆ ಬರಾಕತ್ತಾರ. ಕೆಸರಾಗ ಕುಂದ್ರಸ್ತೀರೇನು? ಮದಲ ನಮಗ ಘಾಂಟಿ ಮಂದಿ ಅಂತಾರ, ಹೊಲಸ ಇರ್ತಾರ ಅಂತಾರ. ನಾವು ಹ್ಯಾಂಗ ಬಾಳೇವು ಮಾಡ್ತೀವಿ ಅಂತ ಒಮ್ಮೆ ನೋಡ್ಲಿ ಅವರು.”

ಘಾಂಟಿ ಎಂದರೆ ಘಟ್ಟದ ಮೇಲಿನವರು. ಗೋವೆಯಲ್ಲಿ ಆ ಶಬ್ದವನ್ನು ಭೂಗೋಳದ ಅರ್ಥದಲ್ಲಿ ಯಾರೂ ಬಳಸುವುದಿಲ್ಲ. ಬಸ್ಸಿನಲ್ಲಿ, ನಳದ ಹತ್ತಿರ, ಆಸ್ಪತ್ರೆಯ ಸಾಲಿನಲ್ಲಿ ಅದನ್ನು ಕೇಳಿಸಿಕೊಂಡ ಜನಕ್ಕೆ ನನ್ನ ಮಾತು ನಾಟಿತು. ನನ್ನ ಭಾಷಣಗಳಲ್ಲಿ ಕೇಳಿದವರು ತಕ್ಷಣ ಆಚರಣೆಗೆ ತಂದದ್ದು ಅದೊಂದೇ.

ಎರಡು ದಿನ ಯಾರೂ ಕೂಲಿಗೆ ಹೋಗಲಿಲ್ಲ. ಕೆಸರು ಬಳಿದರು. ಅಂಗಳಕ್ಕೆ ಸಗಣಿ ಸಾರಿಸಿದರು. ಸಗಣಿಯನ್ನು ಗುಡ್ಡದ ಆಚೆಯ ದನದ ಕೊಟ್ಟಿಗೆಯಿಂದ ಬಕೀಟಿನಲ್ಲಿ ಹೊತ್ತು ತಂದರು. ತಗಡುಗಳನ್ನು ಹುಡುಕಿ ತಂದು ಬಡಿದರು. ಗೋಡೆಗೆ ಸುಣ್ಣ ಹೊಡೆದರು. ಹಣಮಪ್ಪ ಹಿತ್ತಲ ಬಿರುಕಿಗೆ ಸಿಮೆಂಟು ತುಂಬಿ, ಉಜ್ಜಿ, ಮೇಲೆ ಸುಣ್ಣ ಬಳಿದ ಮೇಲೆ ಬಿರುಕಿತ್ತೆಂದು ಆಣೆ ಮಾಡಿದರೂ ನಂಬುವಂತಿರಲಿಲ್ಲ. ಒಡ್ಡು ಒಡೆದ ಎರಡು ಕಡೆಯೂ ಕಲ್ಲು ಪೇರಿಸಿ ಸಂದು ಮುಚ್ಚಿದ. ಅವನಿಗೆ ಅರೆಬರೆ ಕೆಲಸ ಗೊತ್ತಿರಲಿಲ್ಲ. ಯಲ್ಲವ್ವ ಬಾಗಿಲ ಮುಂದೆ ಹೊಸ್ತಿಲಿಗಿಂತ ದೊಡ್ಡ ರಂಗೋಲಿ ಹಾಕಿದಳು. ನಾನು ಅಂಗಡಿಯಿಂದ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಕಳಿಸಿದೆ.

ಕಾಮಿಲ ಈ ಸಂಭ್ರಮವನ್ನು ಬಿದ್ದ ತೆಂಗಿನ ಮರದ ಅಡಿಯಿಂದ ನೋಡುತ್ತಿದ್ದ. ಅದರ ಒಂದು ಗರಿಯನ್ನೂ ಅವನು ಸರಿಸಿರಲಿಲ್ಲ. ಊಟಕ್ಕೆ ಒಳಗೆ ಹೋಗಬೇಕಾದರೆ ಕಾಂಡದ ಕೆಳಗೆ ತೆವಳಿ ಹೋಗುತ್ತಿದ್ದ. ನನ್ನನ್ನು ಕರೆದು, ಹಿಂದಿಯೂ ಕೊಂಕಣಿಯೂ ಕೂಡಿದ ಅವನ ಹಡಗಿನ ಭಾಷೆಯಲ್ಲಿ, ನಿಮ್ಮವರಿಗೆ ಯಾವುದಕ್ಕೂ ಕೈ ಹಚ್ಚಬೇಡಿ ಎಂದು ಹೇಳು ಎಂದ. ಸೋಮಾರಿತನಕ್ಕೆ ಇಷ್ಟು ಘನವಾದ ಸಮರ್ಥನೆಯನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿ ನಕ್ಕೆ.

ಸಾಹೇಬರು ಬಂದದ್ದು ಮಂಗಳವಾರ, ಒಬ್ಬ ಗುಮಾಸ್ತನ ಜೊತೆ. ಮೂವತ್ತರ ಒಳಗಿನ ಹುಡುಗ, ಬೂಟಿಗೆ ಕೆಸರು ಮೆತ್ತಿಕೊಂಡಿದ್ದ, ಮಾತು ಮೆತ್ತಗೆ. ಕಾಮಿಲನ ಮನೆಯ ಚಿತ್ರಗಳನ್ನು ಮೊಬೈಲಿನಲ್ಲಿ ನಾಲ್ಕು ದಿಕ್ಕಿನಿಂದಲೂ ತೆಗೆದ. ತೆಂಗಿನ ಕಾಂಡದ ಸುತ್ತಳತೆ ಅಳೆದ. ಆಮೇಲೆ ಹೊಳಿಸಾಲಕ್ಕೆ ಬಂದ. ರಂಗೋಲಿ ತುಳಿಯಬಾರದೆಂದು ಬೂಟು ಕಳಚಿ ಒಳಗೆ ಕಾಲಿಟ್ಟ. ಇಂಥ ಸಭ್ಯ ಮನುಷ್ಯನಿಂದ ಕೇಡಾಗುತ್ತದೆಂದು ಯಾರೂ ಅನುಮಾನಿಸುವುದಿಲ್ಲ. ಕೇಡು ಅವನಿಂದ ಆಗಲೂ ಇಲ್ಲ.

ಯಲ್ಲವ್ವ ಅವಲಕ್ಕಿ, ಚಹಾ ಕೊಟ್ಟಳು. ಅವನು ಗೋಡೆ ನೋಡಿದ, ಮಾಡು ನೋಡಿದ, ಏನೇನು ಹಾನಿಯಾಗಿದೆ ಎಂದು ಹಿಂದಿಯಲ್ಲಿ ಕೇಳಿದ. ನಾನು ಅದನ್ನು ಕನ್ನಡಕ್ಕೆ ತಂದೆ. ಮನೆಗೆ ಬಂದವರು ಹೇಗಿದ್ದೀರಿ ಎಂದರೆ ಆರಾಮ ಇದ್ದೇವೆ ಎನ್ನಬೇಕು. ಚಹಾದ ಲೋಟ ಕೈಯಲ್ಲಿರುವ ಅತಿಥಿಯ ಮುಂದೆ ಗೋಳು ತೋಡಿಕೊಳ್ಳಬಾರದು. ಇದು ನಮ್ಮ ಕಡೆಯಲ್ಲಿ ಯಾರೂ ಕಲಿಸದೆ ಬರುವ ವಿದ್ಯೆ. ಅವಳು ಸೆರಗು ಸರಿ ಮಾಡಿಕೊಂಡು ನಕ್ಕಳು.

“ಏನೂ ಆಗಿಲ್ರಿ ಸಾಹೇಬ್ರ. ದೇವರ ದಯಾದಿಂದ ಎಲ್ಲಾ ಆರಾಮ ಅದೀವಿ. ನೀವು ಇನ್ನೊಂದೀಟ ಅವಲಕ್ಕಿ ತಿನ್ರಿ.”

ಅದನ್ನೂ ನಾನು ಹಿಂದಿಗೆ ತಂದೆ, ಒಂದಕ್ಷರ ಬಿಡದೆ. ಅನುವಾದದಲ್ಲಿ ನಾನು ಪ್ರಾಮಾಣಿಕ. ಹುಡುಗನ ಪೆನ್ನು ಒಂದು ಗಳಿಗೆ ನಿಂತಿತು. ನನ್ನ ಮುಖ ನೋಡಿದ. ಈಗ ತಿಳಿಯುತ್ತದೆ, ಅವನು ನನಗೆ ಒಂದು ಅವಕಾಶ ಕೊಟ್ಟಿದ್ದ. ಅವತ್ತು ನನಗೆ ಕಂಡದ್ದು ಬೇರೆ: ಘಾಂಟಿಗಳ ಮನೆ ಇಷ್ಟು ಚೊಕ್ಕಟವೇ ಎಂದು ಬೆರಗಾಗಿದ್ದಾನೆ ಎಂದುಕೊಂಡೆ. ಎದೆ ಉಬ್ಬಿಸಿ, ಇಡೀ ಸಾಲು ಹೀಗೆಯೇ ಇದೆ, ನೋಡಬನ್ನಿ ಎಂದೆ. ಅವನು ಹನ್ನೊಂದು ಮನೆಯನ್ನೂ ನೋಡಿದ. ಕೊನೆಯಲ್ಲಿ ಗುಮಾಸ್ತ ಕಾಗದ ಮುಂದೆ ಮಾಡಿ, ಸಾಕ್ಷಿಯಾಗಿ ಓದುಬರಹ ಬಲ್ಲ ಒಬ್ಬರ ಸಹಿ ಬೇಕು ಎಂದ. ಹೊಳಿಸಾಲದಲ್ಲಿ ಆ ಅರ್ಹತೆ ಯಾರಿಗಿತ್ತೆಂದು ಹೇಳಬೇಕಾಗಿಲ್ಲ. ಓದಲು ಕನ್ನಡಕ ಅಂಗಡಿಯಲ್ಲಿತ್ತು. ಸಹಿ ಹಾಕಲು ಕನ್ನಡಕ ಬೇಕಾಗಿರಲಿಲ್ಲ. ಕೆಳಗೆ ಎರಡು ಗೆರೆ ಎಳೆದೇ ಹಾಕಿದೆ.

ಮಳೆಗಾಲ ಹಿಡಿದ ಮೇಲೆ ಪಟ್ಟಿ ಹೊರಬಿತ್ತು. ಕಾಮಿಲನ ಮನೆ ಇತ್ತು, ಧಕ್ಕೆಯ ಬದಿಯ ಐದು ಮನೆಗಳಿದ್ದವು, ದೋಣಿ ಇಡುವ ಒಂದು ಚಪ್ಪರವೂ ಇತ್ತು. ಹೊಳಿಸಾಲದ ಹನ್ನೊಂದು ಮನೆಗಳಿಗೆ ಒಂದೇ ಸಾಲು: ಗೋಚರ ಹಾನಿ ಇಲ್ಲ.

ನಾನು ಕಚೇರಿಗೆ ಅಲೆದೆ. ಎಷ್ಟು ಸಲ ಎಂದರೆ ಅಲ್ಲಿಯ ಬೆಂಚಿನ ಯಾವ ಕಾಲು ಗಿಡ್ಡ ಎಂದು ಹೇಳಬಲ್ಲೆ. ಒಂದೊಂದು ಸಲಕ್ಕೂ ಒಂದೊಂದು ಅರ್ಜಿ. ಕೊನೆಯದರಲ್ಲಿ ಜಗತ್ತಿನ ನದಿನಾಗರಿಕತೆಗಳ ಪ್ರಸ್ತಾಪವೂ ಇತ್ತು. ಹುಡುಗ ಸಾಹೇಬ ಪ್ರತಿ ಸಲ ಎದ್ದು ನಿಂತು ಕುರ್ಚಿ ಕೊಡುತ್ತಿದ್ದ. ತಾನು ಕಂಡದ್ದನ್ನಷ್ಟೇ ಬರೆಯಬಲ್ಲೆ, ಪಟ್ಟಿಗೆ ತಕ್ಕಂತೆ ಗೋಡೆಯ ಹಣ ಮಂಜೂರಾಗಿ ಹೋಗಿದೆ, ಎರಡನೆಯ ಹಂತ ಬಂದರೆ ನೋಡೋಣ ಎನ್ನುತ್ತಿದ್ದ. ಒಮ್ಮೆ ನಾನು ದನಿ ಏರಿಸಿದಾಗ ಕಡತ ತೆರೆದು ನನ್ನ ಕಡೆ ತಿರುಗಿಸಿದ. ನನ್ನ ಸಹಿ. ಕೆಳಗಿನ ಎರಡು ಗೆರೆಗಳೂ ಸ್ಪಷ್ಟವಾಗಿದ್ದವು. ಕಚೇರಿಗೆ ಹೋಗುವಾಗ ಕನ್ನಡಕ ಜೇಬಿನಲ್ಲೇ ಇತ್ತು.

ದೀಪಾವಳಿ ಮುಗಿದ ಮೇಲೆ ಗೋಡೆಯ ಕೆಲಸ ಶುರುವಾಯಿತು. ಗುತ್ತಿಗೆದಾರನಿಗೆ ಹೊಳೆಯ ಪಕ್ಕದಲ್ಲೇ ಒಳ್ಳೆಯ ಗೌಂಡಿಗಳು ಸಿಕ್ಕಿದರು. ಹಣಮಪ್ಪ ಕಟ್ಟಿದ, ಯಲ್ಲವ್ವ ಹೊತ್ತಳು. ಸಾಲಿನ ಉಳಿದವರೂ ಹೋದರು. ಮನೆಯ ಹತ್ತಿರ ಕೆಲಸ, ಲಾರಿ ಹತ್ತುವ ತಾಪತ್ರಯವಿಲ್ಲ. ಚಳಿಗಾಲದುದ್ದಕ್ಕೂ ಅವಳು ತನ್ನ ಬಾಗಿಲ ಮುಂದಿನಿಂದಲೇ ಒಡೆಯದ, ಒಂದೇ ಅಳತೆಯ ಕಲ್ಲುಗಳನ್ನು ಹೊತ್ತು ಬೇರೆಯವರ ಮನೆಯ ಮುಂದೆ ಇಳಿಸಿದಳು. ನಾನು ಎದುರಾದರೆ, ಚಹಾ ಆಯಿತೇ ಎಂದು ಕೇಳುತ್ತಿದ್ದಳು. ಆ ಪ್ರಶ್ನೆಗೆ ಉತ್ತರ ಕೊಡುವುದು ನನಗೆ ದಿನದಿನಕ್ಕೆ ಕಷ್ಟವಾಗುತ್ತ ಬಂತು.

ಏಪ್ರಿಲ್ ಹೊತ್ತಿಗೆ ಗೋಡೆ ಕಾಮಿಲನ ಅಂಗಳದ ಮೂಲೆಗೆ ಬಂದು ನಿಂತಿತು. ಅಲ್ಲಿಂದ ಯಲ್ಲವ್ವನ ಮನೆಗೆ ಎಂಟು ಹೆಜ್ಜೆ. ಕೊನೆಯ ದಿನ ನಾನು ಅಲ್ಲಿದ್ದೆ. ಗೋಡೆ ಮುಂದುವರಿಯುವುದಿದ್ದರೆ ಗೌಂಡಿಗಳು ತುದಿಯನ್ನು ಸಪಾಟು ಮಾಡುವುದಿಲ್ಲ. ಒಂದು ಬಿಟ್ಟು ಒಂದು ಕಲ್ಲನ್ನು ಹೊರಗೆ ಚಾಚಿ ಹಲ್ಲು ಬಿಡುತ್ತಾರೆ, ಮುಂದೆ ಕಟ್ಟುವ ಗೋಡೆ ಅದಕ್ಕೆ ಕಚ್ಚಿಕೊಳ್ಳಲೆಂದು. ಹಣಮಪ್ಪ ಹಾಗೆ ಹಲ್ಲು ಬಿಟ್ಟಿದ್ದ. ಗುತ್ತಿಗೆದಾರನ ಸೂಪರ್‌ವೈಸರ್ ನಕ್ಷೆ ತೋರಿಸಿ, ಗೋಡೆ ಇಲ್ಲಿಗೇ ಮುಗಿಯಿತು, ತುದಿ ಮುಚ್ಚಿ ಪ್ಲಾಸ್ಟರ್ ಮಾಡು ಎಂದ. ಹಣಮಪ್ಪ ಕರಣೆಯನ್ನು ಬಕೀಟಿನ ನೀರಲ್ಲಿ ತೊಳೆದ, ಒರೆಸಿದ.

“ಮುಂದ ಯಾರರ ಕಟ್ಟತಾರ್ರಿ,” ಎಂದ. “ಹಲ್ಲ ಇರ್ಲಿ.”

ವರ್ಷದಲ್ಲಿ ಅವನು ನನ್ನ ಕಿವಿಗೆ ಬೀಳುವಂತೆ ಆಡಿದ ಅತಿ ಉದ್ದದ ಮಾತು ಅದು. ಸೂಪರ್‌ವೈಸರನಿಗೆ ಬಸ್ಸಿನ ಹೊತ್ತಾಗಿತ್ತು. ಹಲ್ಲು ಉಳಿದವು.

ಜುಲೈ ತಿಂಗಳ ಅಮಾವಾಸ್ಯೆಯ ಮರುದಿನ, ಘಟ್ಟದ ಮೇಲೆ ಎರಡು ದಿನ ಸುರಿದ ಮಳೆಯ ನೀರೂ ಕೆಳಗಿನ ಉಬ್ಬರವೂ ಹೊಳೆಯಲ್ಲಿ ಎದುರಾದವು. ಚಂಡಮಾರುತವಲ್ಲ, ಹೆಸರೂ ಇರಲಿಲ್ಲ, ಮಾಮೂಲಿ ಮಳೆ. ಹೊಸ ಗೋಡೆ ಅಲುಗಲಿಲ್ಲ. ಹಣಮಪ್ಪ ಕಟ್ಟಿದ್ದು ಅಲುಗುವುದಿಲ್ಲ. ಮೊದಲೆಲ್ಲ ನೀರು ಧಕ್ಕೆಯ ತುಂಬ ಹರಡಿ ಬಲ ಕಳೆದುಕೊಳ್ಳುತ್ತಿತ್ತು. ಈಗ ಅದು ಗೋಡೆಗುಂಟ ಉದ್ದಕ್ಕೆ ಓಡಿ ಬಂದು, ತುದಿ ಸಿಕ್ಕ ಕೂಡಲೆ ಹೊರಳಿ, ಹಲ್ಲುಗಳ ಪಕ್ಕದ ಹಳೆಯ ಒಡ್ಡನ್ನು ದಾಟಿ ನೇರವಾಗಿ ಯಲ್ಲವ್ವನ ಹಿತ್ತಲಿಗೆ ನುಗ್ಗಿತು. ಬೆಳಿಗ್ಗೆ ಹನ್ನೊಂದಕ್ಕೆ ಹಿತ್ತಲ ಗೋಡೆ ಕುಸಿಯಿತು, ಸಿಮೆಂಟು ತುಂಬಿದ ಬಿರುಕಿನಗುಂಟವೇ. ಮಧ್ಯಾಹ್ನದ ಹೊತ್ತಿಗೆ ಮಾಡು ಕೂತಿತು. ಜನ ಅಷ್ಟರಲ್ಲಿ ಹೊರಗೆ ಬಂದಿದ್ದರು. ಆಚೆಯ ಮನೆಗಳಲ್ಲೂ ಎರಡು ಹೋದವು.

ಮರುದಿನ ನೀರಿಳಿದ ಮೇಲೆ ನಾನು ಒಂದು ತಾಡಪತ್ರಿ ಹೆಗಲಿಗೆ ಹಾಕಿಕೊಂಡು ಕೆಳಗಿಳಿದೆ. ಯಲ್ಲವ್ವ ಕುಸಿದ ಕಲ್ಲುರಾಶಿಯ ಎದುರು ಬಕೀಟು ಬೋರಲು ಹಾಕಿ ಕೂತಿದ್ದಳು. ಕೆಸರಿನಲ್ಲಿ ಅವಳ ರೊಟ್ಟಿಯ ಹಂಚು ಅರ್ಧ ಕಾಣುತ್ತಿತ್ತು. ಎತ್ತಿಕೊಡಲು ಬಗ್ಗಿದೆ. ಅವಳು ಕೈ ಅಡ್ಡ ಮಾಡಿದಳು.

“ಬ್ಯಾಡ್ರಿ ಸಾವ್ಕಾರ್ರ. ಈ ಸಲ ಯಾವುದಕ್ಕೂ ಕೈ ಹಚ್ಚಂಗಿಲ್ಲ. ಸಾಹೇಬ್ರು ಬಂದು ನೋಡ್ಲಿ.”

ತಾಡಪತ್ರಿಯನ್ನೂ ಹೊದಿಸಗೊಡಲಿಲ್ಲ, ಮುಚ್ಚಿದರೆ ಕಾಣುವುದಿಲ್ಲವಲ್ಲ. ಕಲ್ಲುರಾಶಿಯ ಮೇಲೆ ಮಳೆ ಹೊಡೆಯಿತು. ದಿನವೂ ಹೊಡೆಯಿತು. ಹಂಚಿಗೆ ತುಕ್ಕು ಹಿಡಿಯಿತು. ಅಕ್ಕಿಯ ಡಬ್ಬಿಯಲ್ಲಿ ಅಕ್ಕಿ ಕೊಳೆಯಿತು. ಗೋಡೆಯ ಮಣ್ಣಗಾರೆ ಕರಗಿ ಕಲ್ಲುಗಳು ಒಂದೊಂದೇ ಬಿಡಿಯಾದವು. ಗಂಡಹೆಂಡತಿ ಕಾಮಿಲನ ವರಾಂಡದಲ್ಲಿ ಮಲಗುತ್ತಿದ್ದರು. ಅವನೇ ಕರೆದು ಜಾಗ ಕೊಟ್ಟಿದ್ದ, ಕುರ್ಚಿಯನ್ನೂ ಒಳಗೆ ತೆಗೆದಿಟ್ಟಿದ್ದ. ಒಂದು ವರ್ಷದ ಹಿಂದೆ ತಾನು ಹೇಳಿದ್ದ ಮಾತನ್ನು ಅವನು ಎತ್ತಲಿಲ್ಲ. ಎತ್ತಿದ್ದರೆ ಚಲೋ ಇತ್ತು.

ನಾನು ಕಚೇರಿಗೆ ಹೋದೆ. ಹುಡುಗ ಸಾಹೇಬನಿಗೆ ಬೇರೆ ಕಡೆ ವರ್ಗವಾಗಿತ್ತು. ಹೊಸಬರು ಪುಸ್ತಕ ತಿರುವಿ, ಆ ದಂಡೆಯಲ್ಲಿ ಗೋಡೆಯ ಕಾಮಗಾರಿ ಪೂರ್ಣಗೊಂಡಿರುವುದರಿಂದ ಅದು ಸಂರಕ್ಷಿತ ಪ್ರದೇಶವೆಂದು ದಾಖಲಾಗಿದೆ, ಅಲ್ಲಿ ನೆರೆಹಾನಿ ಆಗುವ ಸಂಭವವಿಲ್ಲ ಎಂದು ವಿವರಿಸಿದರು. ಆಗಿದೆ ಎಂದೆ. ಅರ್ಜಿ ಕೊಡಿ ಎಂದರು. ಕೊಟ್ಟೆ. ಈ ಸಲದ ಅರ್ಜಿ ನಾಲ್ಕೇ ಸಾಲಿನದು. ನನ್ನ ಜೀವನದ ಅತಿ ಚಿಕ್ಕ ಕೃತಿ.

ಇಪ್ಪತ್ತೆರಡು ದಿನ ಯಲ್ಲವ್ವ ಕಾದಳು. ಇಪ್ಪತ್ಮೂರನೆಯ ದಿನ ಹಣಮಪ್ಪನಿಗೆ ಕುಂಡಯಿಯ ಒಂದು ಕಾರ್ಖಾನೆಯಲ್ಲಿ ಕೆಲಸವೂ, ಶೆಡ್ಡಿನ ಹಿಂದೆ ಇರಲು ಒಂದು ಕೋಣೆಯೂ ಸಿಕ್ಕಿತು. ಹೊರಡುವ ಮುಂಚೆ ಇಬ್ಬರೂ ಅಂಗಡಿಗೆ ಬಂದರು. ನಾನು ಒಂದು ವರ್ಷದಿಂದ ಹೇಳಬೇಕೆಂದುಕೊಂಡಿದ್ದ ಮಾತನ್ನು ಶುರು ಮಾಡಿದೆ. ನನ್ನ ಮಾತು ಕೇಳಿ ನೀವು, ಎನ್ನುವಷ್ಟರಲ್ಲಿ ಅವಳೇ ನಡುವೆ ಬಾಯಿ ಹಾಕಿದಳು.

“ಆವತ್ತ ನಮ್ಮ ಮನಿ ಎಷ್ಟ ಚಂದ ಕಂಡಿತ್ತ ನೋಡ್ರಿ, ಸಾವ್ಕಾರ್ರ. ಸಾಹೇಬ್ರು ಬೂಟ ಕಳದ ಒಳಗ ಬಂದಿದ್ರು.”

ನನ್ನನ್ನು ಸಮಾಧಾನಪಡಿಸಲು ಹೇಳಿದಳೇ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಇಲ್ಲ. ಅವಳಿಗೆ ನಿಜವಾಗಿ ಆ ದಿನ ಬೇಕಾಗಿತ್ತು. ಅವಳ ಆರು ವರ್ಷದ ಕಲ್ಲಿಗೆ ಸಿಕ್ಕ ಮರ್ಯಾದೆ ಅದೊಂದೇ. ನಾನು ಒಂದು ಹೊಸ ಹಂಚು ಕಟ್ಟಿಕೊಟ್ಟೆ.

ಅವರು ಹೋದ ಒಂಬತ್ತು ದಿನಕ್ಕೆ ಪಂಚನಾಮೆಯವರು ಬಂದರು. ಬಿಡಿ ಕಲ್ಲುಗಳನ್ನು ಅಷ್ಟರಲ್ಲಿ ಯಾರು ಯಾರೋ ಒಯ್ದಿದ್ದರು. ಸಾಕ್ಷಿಗೆ ನನ್ನನ್ನು ಕರೆದರು. ಈ ಸಲ ಕನ್ನಡಕ ಹಾಕಿಕೊಂಡು ಓದಿದೆ. ಸದರಿ ಸ್ಥಳದಲ್ಲಿ ವಾಸದ ಮನೆ ಇರುವುದಿಲ್ಲ ಎಂದಿತ್ತು. ಯಲ್ಲವ್ವನ ಮನೆಯಿದ್ದ ಜಾಗ ನೋಡಿದೆ, ಇರಲಿಲ್ಲ. ನಾನು ಸಹಿ ಹಾಕಲಿಲ್ಲ. ಎದುರಿನ ಚಹಾದಂಗಡಿಯವನು ಹಾಕಿದ.

ಉಳಿದ ಎಂಟು ಮನೆಗಳು ಸಂರಕ್ಷಿತ ಪ್ರದೇಶದಲ್ಲಿವೆ; ಎರಡನೆಯ ಹಂತದ ಪಟ್ಟಿಯಲ್ಲಿ ಹೊಳಿಸಾಲ ಇಲ್ಲ. ಗೋಡೆ ಕಾಮಿಲನ ಅಂಗಳದ ಮೂಲೆಗೆ ಮುಗಿಯುತ್ತದೆ.